ಬೇಡಿ ತಂದ ತೇಪೆಗಳು

ಕಳೆದ ಸೋಮವಾರ ಮಧ್ಯಾಹ್ನ ಎದುರು ಮನೆಯ ಹುಡುಗಿ ನಮ್ಮ ಬಾಗಿಲ ಗಂಟೆ ಒತ್ತಿದಳು. ಹುಡುಗಿ ಅಂದೆನೇ ಹೊರತು ಏಳು ತಿಂಗಳ ಬಸುರಿ. ಹೆಸರು ಸ್ನೇಹಾ. ಮನೆತನ ಹುಬ್ಬಳ್ಳಿ ಕಡೆಯದಾದರೂ ಹುಟ್ಟಿ ಬೆಳೆದದ್ದು ಇಲ್ಲೇ ಬೊರಿವಲಿಯಲ್ಲಿ. ಅವಳ ಕನ್ನಡ ನಾಲ್ಕು ಹೆಜ್ಜೆ ನಡೆದು ಹಿಂದಿಯ ಹೆಗಲು ಹಿಡಿಯುತ್ತದೆ. ಕೈಯಲ್ಲೊಂದು ಪ್ಲಾಸ್ಟಿಕ್ ಚೀಲವಿತ್ತು.

"ಆಂಟಿ, ಬೇಬಿಗೆ ಕೌದಿ ಮಾಡ್ತಾ ಇದ್ದೀನಿ. ಅತ್ತೆ ಊರಿಂದ ಫೋನ್ ಮಾಡಿ ಹೇಳಿದ್ರು, ಮಕ್ಕಳೆಲ್ಲ ಚೆನ್ನಾಗಿರೋ ಮನೆಯಿಂದ ಪುರಾನಾ ಬಟ್ಟೆ ಬೇಡಿ ತರಬೇಕಂತೆ. ನಿಮ್ಮದು ಫುಲ್ ಫ್ಯಾಮಿಲಿ ಅಲ್ವಾ? ಒಂದು ಸೀರೆ ಪೀಸ್ ಕೊಡ್ತೀರಾ?"

ಚೀಲದ ಬಾಯಿ ತೆರೆದು ತೋರಿಸಿದಳು. ಏಳೆಂಟು ತುಂಡು ಬಟ್ಟೆ. ಅದರೊಳಗಿಂದ ಬಂದ ವಾಸನೆ ನನ್ನನ್ನು ಹಾಗೇ ಬಾಗಿಲ ಚೌಕಟ್ಟಿಗೆ ಒರಗಿಸಿತು. ಡಾಂಬರು ಗುಳಿಗೆ, ಹಳೆಯ ಕಬ್ಬಿಣದ ಟ್ರಂಕು, ಎಷ್ಟೋ ಸಲ ಒಗೆದು ಮೆತ್ತಗಾದ ಹತ್ತಿ, ಏಳೆಂಟು ಮನೆಗಳ ವಾಸನೆ ಒಂದಾಗಿತ್ತು. "ನೋಡ್ತೀನಿ, ಗುರುವಾರ ಬಾ" ಎಂದು ಕಳಿಸಿಬಿಟ್ಟೆ. ಒಂದು ತುಂಡು ಬಟ್ಟೆ ಹುಡುಕಲು ಮೂರು ದಿನ ಯಾಕೆ ಬೇಕು ಅಂತ ನೀವು ಕೇಳಬಹುದು. ಬಟ್ಟೆ ಕೈಗೆ ಸಿಗುವಂತೆಯೇ ಇತ್ತು. ಮೂರು ದಿನ ಬೇಕಾದದ್ದು ನನಗೆ.

ಐವತ್ತರ ದಶಕದ ನಡುವಿನ ಮಾತು. ಸಯನ್ನಿನ ಒಂದು ಚಾಳಿನ ಎರಡನೆಯ ಮಾಳಿಗೆಯ ಒಂದೇ ಖೋಲಿಯಲ್ಲಿ ನಾವು ನಾಲ್ವರಿದ್ದೆವು: ಅವ್ವ, ಗಿರಣಿಯಲ್ಲಿ ಗುಮಾಸ್ತನಾಗಿದ್ದ ಅಣ್ಣ, ಅವನ ಹೆಂಡತಿ ಕಮಲಾ, ಹತ್ತು ವರ್ಷದ ನಾನು. ನಮ್ಮ ವಿಜಾಪುರದ ಕಡೆ ಅಣ್ಣನ ಹೆಂಡತಿಯನ್ನು ವೈನಿ ಅನ್ನುತ್ತೇವೆ. ಖೋಲಿಯ ಮುಂದೆ ಉದ್ದನೆಯ ಗ್ಯಾಲರಿ, ಅದರ ತುದಿಗೆ ಎಲ್ಲರಿಗೂ ಸೇರಿ ಒಂದು ನಲ್ಲಿ. ಲೋಕಲ್ ರೈಲು ಹೋದಾಗಲೆಲ್ಲ ನಮ್ಮ ಹಿತ್ತಾಳೆ ತಂಬಿಗೆಗಳು ಸಣ್ಣಗೆ ನಡುಗುತ್ತಿದ್ದವು. ಊರಿಂದ ಬಂದ ನೆಂಟರು ಮೊದಲ ದಿನ ಅದಕ್ಕೆ ಹೆದರುತ್ತಿದ್ದರು. ಮೂರನೆಯ ದಿನ ಅದಿಲ್ಲದೆ ನಿದ್ದೆ ಬರುವುದಿಲ್ಲ ಅನ್ನುತ್ತಿದ್ದರು.

ವೈನಿಗೆ ಎರಡು ಕೂಸು ಹುಟ್ಟಿ ಎರಡೂ ಹೋಗಿದ್ದವು. ಮೊದಲನೆಯದು ತವರಿನಲ್ಲಿ ಮೂರೇ ದಿನ ಇತ್ತು. ಎರಡನೆಯದು ನಮ್ಮ ಚಾಳಿನಲ್ಲಿ ಐದು ತಿಂಗಳು ಬದುಕಿತು. ಅದು ನನಗೆ ಚೆನ್ನಾಗಿ ಗೊತ್ತಿದ್ದ ಕೂಸು. ಬೆರಳು ಕೊಟ್ಟರೆ ಹಿಡಿದು ಬಿಡುತ್ತಿರಲಿಲ್ಲ. ಅದು ಹೋದ ಮೇಲೆ ವೈನಿ ನಗುವುದನ್ನು ಬಿಟ್ಟಳು ಎಂದು ಬರೆದರೆ ಸುಳ್ಳಾಗುತ್ತದೆ. ನಗುತ್ತಿದ್ದಳು, ಆದರೆ ನಡುವೆ ಏನೋ ನೆನಪಾದಂತೆ ನಿಲ್ಲಿಸಿಬಿಡುತ್ತಿದ್ದಳು. ಮೂರನೆಯ ಬಾರಿ ಮುಟ್ಟು ನಿಂತಾಗ ಅವ್ವ ಯಾರನ್ನೂ ಕೇಳದೆ ತೀರ್ಮಾನ ಮಾಡಿದಳು. ಈ ಕೂಸು ಬೇಡಿ ತಂದ ಬಟ್ಟೆಯ ಕೌದಿಯ ಮೇಲೆ ಮಲಗಬೇಕು.

ಅದರ ಕಟ್ಟಳೆ ಹೀಗೆ. ಇಪ್ಪತ್ತೊಂದು ಮನೆಯಿಂದ ಇಪ್ಪತ್ತೊಂದು ತುಂಡು. ಯಾವುದನ್ನೂ ಕೊಳ್ಳಬಾರದು, ಉಡಿಯೊಡ್ಡಿ ಬೇಡಬೇಕು. ಬೇಡುವವಳು ಇನ್ನೂ ದೊಡ್ಡವಳಾಗದ ಹುಡುಗಿಯಾಗಿರಬೇಕು. ತಿರುಪೆಯ ಬಟ್ಟೆಯ ಮೇಲೆ ಮಲಗಿದ ಕೂಸನ್ನು ನೋಡಿ ಯಮ ಇದು ಯಾರೋ ಗತಿಯಿಲ್ಲದವರ ಕೂಸು ಅಂದುಕೊಂಡು ಮುಂದೆ ಹೋಗುತ್ತಾನಂತೆ. ಎಲ್ಲಕ್ಕಿಂತ ದೊಡ್ಡ ಕಟ್ಟಳೆ ಎಂದರೆ, ಕೊಡುವ ಮನೆಯಲ್ಲಿ ಒಂದು ಕೂಸೂ ಹೋಗಿರಬಾರದು. "ಪ್ರತಿ ಬಾಗಲಾಗೂ ಕೇಳಬೇಕು ನೋಡು. ನಿಮ್ಮ ಮಕ್ಕಳು ಎಲ್ಲಾ ಅದಾವೇನ್ರಿ ಅಂತ ಕೇಳಿ, ಹೌದು ಅಂದ್ರಷ್ಟs ಉಡಿ ಒಡ್ಡು" ಎಂದು ಅವ್ವ ನನಗೆ ಮೂರು ಸಲ ಹೇಳಿಸಿ ಒಪ್ಪಿಸಿಕೊಂಡಳು. ಪಾಠ ಒಪ್ಪಿಸುವುದರಲ್ಲಿ ನಾನು ಮುಂದೆ. ಅರ್ಥದ ವಿಷಯ ಮೇಷ್ಟರೂ ಕೇಳುತ್ತಿರಲಿಲ್ಲ, ಅವ್ವನೂ ಕೇಳಲಿಲ್ಲ.

ಮೊದಲ ಬಾಗಿಲು ಪಕ್ಕದ ಮರಾಠಿ ಬಾಯಿಯದು. ನನ್ನ ಪ್ರಶ್ನೆ ಕೇಳಿ ನಕ್ಕು "ಪಾಚ್ ಆಹೇತ್, ದೋನ್ ಘೇವೂನ್ ಜಾ" ಎಂದಳು. ಐದಿವೆ, ಎರಡನ್ನು ನೀನೇ ಒಯ್ಯಿ ಅಂತ. ಹಸಿರು ಲುಗಡೆ ಸೀರೆಯ ಅಂಚು ಹರಿದು ಕೊಟ್ಟಳು. ಎರಡನೆಯ ಮನೆಯಲ್ಲೂ ಸಲೀಸಾಯಿತು. ಮೂರನೆಯ ಬಾಗಿಲಲ್ಲಿ ಒಬ್ಬಾಕೆ ಶೆಗಡಿಯ ಇದ್ದಿಲಿಗೆ ಗಾಳಿ ಹಾಕುತ್ತ ಕೂತಿದ್ದಳು. ಕೇಳಿದೆ. ಅವಳ ಕೈಯ ಬೀಸಣಿಗೆ ನಿಂತಿತು. ಆಮೇಲೆ ಮತ್ತೆ ಶುರುವಾಯಿತು. ಸ್ವಲ್ಪ ಹೊತ್ತಿಗೆ ಎದ್ದು ಬಾಗಿಲು ಮುಂದೆ ಮಾಡಿಕೊಂಡಳು. ಅಂದಿನಿಂದ ನಾನು ಆ ಪ್ರಶ್ನೆ ಕೇಳುವುದನ್ನೇ ಬಿಟ್ಟೆ. "ಕೌದಿಗೆ ಒಂದು ತುಂಡು ಕೊಡ್ರಿ" ಅನ್ನುವುದು, ಕೊಟ್ಟದ್ದನ್ನು ತರುವುದು. ಅವ್ವ "ಕೇಳಿದೇನು?" ಅಂದರೆ "ಕೇಳಿದೆ". ಅಷ್ಟು ಸುಲಭ.

ವೈನಿ ಹೊಲಿಯುತ್ತಿದ್ದ ರೀತಿಯನ್ನು ಹೇಳದೆ ಮುಂದೆ ಹೋಗಲಾರೆ. ಅವ್ವನ ಎರಡು ಇಳಕಲ್ಲು ಸೀರೆ, ಅಣ್ಣನ ಧೋತರ ಸೇರಿಸಿ ಹಾಸಿ, ತಂದ ತೇಪೆಗಳನ್ನು ಮೇಲೆ ಜೋಡಿಸಿ, ಅಲುಗದಂತೆ ದೊಡ್ಡ ದೊಡ್ಡ ಹೊಲಿಗೆ ಹಾಕಿಕೊಂಡಳು. ಆಮೇಲೆ ದಿನಾ ಊಟದ ಪಾತ್ರೆ ತೊಳೆದ ಮೇಲೆ ಗ್ಯಾಲರಿಯಲ್ಲಿ ಬಿಸಿಲು ಇರುವಷ್ಟು ಹೊತ್ತು ಒಂದು ಸಾಲು. ಹೆಚ್ಚಲ್ಲ, ಕಡಿಮೆಯಲ್ಲ. ಹಬ್ಬವಿದ್ದರೂ ಒಂದು ಸಾಲು, ತಲೆ ಸುತ್ತುತ್ತಿದ್ದರೂ ಒಂದು ಸಾಲು. ಅಕ್ಕಿಕಾಳಿನಷ್ಟು ಹೊಲಿಗೆ, ಅಕ್ಕಿಕಾಳಿನಷ್ಟು ಅಂತರ. ನನಗೂ ಒಂದು ಮೂಲೆ ಕೊಟ್ಟು ನೋಡಿದಳು. ನನ್ನ ಹೊಲಿಗೆ ಕುಂಟನೊಬ್ಬ ಓಡಿದಂತಿತ್ತು. ಮರುದಿನ ಮಾತಿಲ್ಲದೆ ಬಿಚ್ಚಿ ತಾನೇ ಹಾಕಿದಳು. ಈಗಲೂ ನನ್ನ ಗಂಡ ಗುಂಡಿ ಹೊಲಿಸಲು ದರ್ಜಿಯ ಹತ್ತಿರ ಹೋಗುತ್ತಾರೆ.

ಯಾವ ನಮೂನೆ ಹಾಕುವುದು ಎಂಬ ಚರ್ಚೆಯೇ ಒಂದು ವಾರ ನಡೆಯಿತು. ಅದಕ್ಕೆ ಕಾರಣ ಗಿರಿಜಕ್ಕ. ನಲ್ಲಿಯ ಪಕ್ಕದ ಖೋಲಿಯವಳು, ಉಡುಪಿ ಕಡೆಯವಳು. ಗಂಡ ಮಾಟುಂಗಾದ ಹೋಟೆಲಿನಲ್ಲಿ ಅಡುಗೆಯವನು, ಎಂಟು ವರ್ಷದ ಒಬ್ಬ ಮಗ. ವೈನಿಗಿಂತ ಐದಾರು ವರ್ಷ ದೊಡ್ಡವಳು. ಮಧ್ಯಾಹ್ನ ಬಂದು ಸೂಜಿಗೆ ದಾರ ಪೋಣಿಸಿಕೊಡುತ್ತ ಕೂರುತ್ತಿದ್ದಳು. ವೈನಿಯ ಕನ್ನಡ ಅವಳಿಗೆ ನಗು, ಅವಳ ಕನ್ನಡ ವೈನಿಗೆ ನಗು.

ವೈನಿಯ ಮನಸ್ಸಿನಲ್ಲಿದ್ದದ್ದು ನೆಟ್ಟಗಿನ ಸಾಲು. ಗಿರಿಜಕ್ಕ ಒಪ್ಪಲಿಲ್ಲ. "ಎಂತದು ಕಮಲಾ, ಗದ್ದೆ ಉತ್ತ ಹಾಗೆ? ಮಗು ಮಲಗ್ಲಿಕ್ಕೆ ಅಲ್ವಾ? ಒಂದು ನಾಲ್ಕು ಅಲೆ ಹಾಕು ಮಾರಾಯ್ತಿ."

"ಅಲಿ ನಾ ಎಲ್ಲಿ ನೋಡೀನ್ರಿ ಗಿರಿಜಕ್ಕ? ನಮ್ಮೂರಾಗ ಕುಡಿಯಾಕs ನೀರಿಲ್ಲ."

ಗಿರಿಜಕ್ಕ ನನ್ನ ಬಳಪ ಇಸಿದುಕೊಂಡು ಗ್ಯಾಲರಿಯ ನೆಲದ ಮೇಲೆ ಅಲೆ ಬರೆದು ತೋರಿಸಿದಳು. ವೈನಿ ಅದರ ಪಕ್ಕದಲ್ಲಿ ತನ್ನ ತಾಯಿ ಹಾಕುತ್ತಿದ್ದ ನಮೂನೆ ಬರೆದಳು. ಚೌಕದೊಳಗೆ ಚೌಕ, ಅದರೊಳಗೆ ಇನ್ನೊಂದು, ಮೆಟ್ಟಿಲ ಬಾವಿಗೆ ಇಳಿದಂತೆ. ಅದರ ಹೆಸರೇ ಬಾವಿ. ಕೊನೆಗೆ ರಾಜಿಯಾಯಿತು. ಅಂಚಿಗೆ ಮೂರು ಸಾಲು ಗಿರಿಜಕ್ಕನ ಅಲೆ, ಒಳಗೆಲ್ಲ ವೈನಿಯ ಬಾವಿ. ಬಾವಿ ಸಣ್ಣದಾಗುತ್ತ ಬಂದು ನಟ್ಟನಡುವೆ ಅಂಗೈಯಗಲ ಉಳಿಯುವುದು ಕೌದಿಯ ಹೊಟ್ಟೆ. ಅಲ್ಲಿಗೆ ಕೆಂಪು ತೇಪೆಯೇ ಆಗಬೇಕು, ಅದರಡಿ ಒಂದು ಚೂರು ಜೋಳದ ರೊಟ್ಟಿ ಇಡಬೇಕು. ಹೊಟ್ಟೆ ತುಂಬಿದ ಕೌದಿ ತನ್ನ ಮೇಲೆ ಮಲಗಿದವರನ್ನು ತಿನ್ನುವುದಿಲ್ಲ ಎಂದು ವೈನಿಯ ತಾಯಿ ಹೇಳುತ್ತಿದ್ದಳಂತೆ.

ಕೆಂಪೇ ಸಿಗಲಿಲ್ಲ. ಚಾಳಿನ ಹೆಂಗಸರು ಕೆಂಪು ಸೀರೆಯನ್ನು ಅದು ಗುಲಾಬಿಯಾಗುವ ತನಕ ಉಡುತ್ತಿದ್ದರು, ಹೊಸ ಕುಪ್ಪಸದ ಖಣವನ್ನು ಕತ್ತರಿಸಿ ಕೊಡುವವರು ಯಾರು? ಇಪ್ಪತ್ತು ತುಂಡು ಬಂತು, ಅಲೆ ಮುಗಿಯಿತು, ಬಾವಿ ದಿನಕ್ಕೊಂದು ಮೆಟ್ಟಿಲು ಇಳಿಯಿತು. ವೈನಿಗೆ ಏಳು ತುಂಬಿತು. ಸಾಲು ಮುಗಿಸಿ ದಾರ ಕಡಿಯುವಾಗ ಕೇಳುತ್ತಿದ್ದಳು: "ಕೆಂಪು ಸಿಕ್ತೇನವ್ವಾ?" ಆ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

ಗಿರಿಜಕ್ಕನ ಮನೆಯಲ್ಲಿ ಬೇಡಿರಲಿಲ್ಲ ಎಂದು ಹೊಳೆದದ್ದು ಆಮೇಲೆ. ದಿನಾ ನಮ್ಮಲ್ಲೇ ಇರುತ್ತಿದ್ದಳಲ್ಲ, ಅವಳ ಮನೆಯೂ ಒಂದು ಮನೆ ಅನ್ನುವುದು ಮರೆತಿತ್ತು. ಹೋದೆ. ಅವಳು ಟ್ರಂಕು ತೆರೆದು ಬಟ್ಟೆಗಳಿಗೆ ಗಾಳಿಯಾಡಿಸುತ್ತಿದ್ದಳು. ಎಲ್ಲಕ್ಕಿಂತ ಕೆಳಗೆ ಒಂದು ಪುಟ್ಟ ಕೆಂಪು ಲಂಗ ಕಂಡಿತು.

"ಗಿರಿಜಕ್ಕಾ, ಕೌದಿಗೆ ಅದು ಕೊಡ್ರಿ."

ಅವಳು ಲಂಗವನ್ನು ಮಡಿಲಲ್ಲಿಟ್ಟುಕೊಂಡಳು. "ನನ್ನದು ಆಗ್ಲಿಕ್ಕಿಲ್ಲ ಮಗಾ. ನನ್ನದೊಂದು ಹೋಗಿದೆ. ಊರಲ್ಲಿ. ಹೆಣ್ಣು."

ನಾನು ಕೇಳದೆಯೇ ಹೇಳಿದವಳು ಇಡೀ ಚಾಳಿನಲ್ಲಿ ಅವಳೊಬ್ಬಳೇ. ನನಗೆ ಮಾತ್ರ ಕಿವಿಗಿಂತ ಕಣ್ಣು ಮುಂದಿತ್ತು. "ನಾ ಯಾರಿಗೂ ಹೇಳೂದಿಲ್ರಿ. ಸಣ್ಣದು, ಒಂದs ಅಂಗೈಯಷ್ಟು."

"ಹಾಗೆಲ್ಲ ಮಾಡ್ಬಾರ್ದು. ನಿನ್ನ ಅವ್ವನ ಹತ್ರ ಹೇಳಿ ಬಾ. ಅವರು ಅಡ್ಡಿಲ್ಲ ಅಂದ್ರೆ ಕೊಡ್ತೇನೆ."

ಹೊರಗೆ ಬಂದೆ. ನಮ್ಮ ಖೋಲಿಗೆ ಇಪ್ಪತ್ತು ಹೆಜ್ಜೆ. ನಾನು ಮೆಟ್ಟಿಲ ತಿರುವಿನಲ್ಲಿ ನಿಂತೆ. ಒಂದು ಲೋಕಲ್ ಹೋಗುವ ತನಕ ಕಾದೆ, ಇನ್ನೊಂದು ಹೋಗುವ ತನಕ ಕಾದೆ. ಹೋಗಿ ಬರಲು ಅಷ್ಟು ಹೊತ್ತು ಸಾಕು ಅನ್ನಿಸಿತು. ಮತ್ತೆ ಒಳಗೆ ಹೋಗಿ ಹೇಳಿದೆ: "ಹೇಳಿದೆ. ಅವ್ವ ಅಡ್ಡಿ ಇಲ್ಲ ಅಂದ್ಲು."

ಗಿರಿಜಕ್ಕನ ಮುಖ ಅಂದು ಅರಳಿದ್ದನ್ನು ನಾನು ಮರೆತಿಲ್ಲ. ತನ್ನ ಮಗಳ ಬಟ್ಟೆ ಒಂದು ಬದುಕುವ ಕೂಸಿನ ಕೆಳಗೆ ಹೋಗುತ್ತದೆ, ಅದೂ ಎಲ್ಲ ತಿಳಿದೂ ಒಪ್ಪಿದ್ದಾರೆ ಅಂದುಕೊಂಡಳಲ್ಲ. ಲಂಗದ ನೆರಿಗೆಯ ಒಳಭಾಗ, ಬಣ್ಣ ಮಾಸದ ಕಡೆಯಿಂದ ಕತ್ತರಿಸಿ ಕೊಟ್ಟಳು. ವೈನಿ ಅದನ್ನು ಕೆನ್ನೆಗೆ ಒತ್ತಿ ನೋಡಿ, ಅಡಿಯಲ್ಲಿ ರೊಟ್ಟಿಯ ಚೂರಿಟ್ಟು, ಮೂರು ದಿನದಲ್ಲಿ ಬಾವಿ ಮುಚ್ಚಿದಳು.

ಕೂಸು ಎಂಟಕ್ಕೇ ಹುಟ್ಟಿತು. ಗಂಡು. ಹಾಲು ಎಳೆಯುವಷ್ಟು ಶಕ್ತಿ ಇರಲಿಲ್ಲ, ಹತ್ತಿಯಿಂದ ಬಾಯಿಗೆ ಹಿಂಡುತ್ತಿದ್ದರು. ಉಳಿಯುವುದು ಕಷ್ಟ ಎಂದು ಡಾಕ್ಟರು ಅಣ್ಣನಿಗೆ ಮೊದಲೇ ಹೇಳಿದ್ದರಂತೆ. ಕೌದಿಯ ಮೇಲೆ ಹನ್ನೊಂದು ದಿನ ಮಲಗಿ ಹೋಯಿತು. ತೇಪೆಗೂ ಸಾವಿಗೂ ಸಂಬಂಧವಿಲ್ಲ ಎಂದು ನನಗೆ ಚೆನ್ನಾಗಿ ಗೊತ್ತು. ನನ್ನ ಎದೆಯ ಮೇಲೆ ಕೂತಿರುವುದು ಆ ಸಾವಲ್ಲ, ಮರುದಿನ ಬೆಳಿಗ್ಗೆ ನಡೆದದ್ದು.

ಚಾಳಿನ ಹೆಂಗಸರೆಲ್ಲ ನಮ್ಮ ಖೋಲಿಯಲ್ಲೂ ಗ್ಯಾಲರಿಯಲ್ಲೂ ಕೂತಿದ್ದರು. ಗಿರಿಜಕ್ಕ ಬಂದು ವೈನಿಯ ತಲೆಯನ್ನು ತನ್ನ ಭುಜಕ್ಕೆ ಒತ್ತಿಕೊಂಡು ಅತ್ತಳು. "ನನ್ನದೂ ಹೀಗೇ ಹೋಯ್ತು ಕಮಲಾ. ನನ್ನ ಕೈಯಲ್ಲೇ."

ಅವ್ವ ತಲೆಯೆತ್ತಿದಳು. "ನಿಮ್ಮದು? ನಿಮ್ಮ ಕೂಸು ಹೋಗೈತೇನು?"

"ಹೌದಲ್ಲ. ಹುಡುಗಿಯ ಹತ್ರ ಹೇಳಿ ಕಳಿಸಿದ್ದೆ. ನೀವು ಅಡ್ಡಿಲ್ಲ ಅಂದ ಮೇಲೇ ಕೊಟ್ಟದ್ದು."

ಎಲ್ಲರೂ ನನ್ನ ಕಡೆ ತಿರುಗಿದರು. ಅವ್ವ ಎದ್ದು ಬಂದು ನನ್ನ ರಟ್ಟೆ ಹಿಡಿದಳು. "ಖರೇ ಹೇಳು. ಆಕಿ ನಿನಗ ಹೇಳಿದ್ಲೇನು?"

ಈಗ ನಿಧಾನವಾಗಿ ಕೂತು ಬರೆಯುವಾಗ ಎಷ್ಟೋ ಉತ್ತರ ಹೊಳೆಯುತ್ತವೆ. ಆಗ ಒಂದೇ ಹೊಳೆಯಿತು. "ಇಲ್ಲ. ನನಗೇನೂ ಹೇಳಿಲ್ಲ."

ಗಿರಿಜಕ್ಕ ನನ್ನನ್ನು ನೋಡಿದಳು. ಹೆಚ್ಚು ಹೊತ್ತಲ್ಲ. ನನ್ನ ರಟ್ಟೆಯ ಮೇಲಿದ್ದ ಅವ್ವನ ಕೈಯನ್ನೂ ನೋಡಿದಳು. ಆಮೇಲೆ ಸೆರಗಿನಿಂದ ಮುಖ ಒರೆಸಿಕೊಂಡು, "ಇರ್ಬಹುದು. ನಾನೇ ಹೇಳ್ಲಿಕ್ಕೆ ಮರೆತಿರ್ಬೇಕು" ಎಂದಳು.

ಅವಳು ನನ್ನನ್ನು ಸುಳ್ಳಿ ಅಂದಿದ್ದರೆ ಏಟು ಬೀಳುತ್ತಿತ್ತು, ಏಟು ಮಾಯುತ್ತಿತ್ತು. ಹಾಗಾಗಲಿಲ್ಲ. ಅಂದಿನಿಂದ ನಲ್ಲಿಯಲ್ಲಿ ಅವಳ ಕೊಡ ಬಂದರೆ ಬಸುರಿಯರು ಹಿಂದೆ ಸರಿದು ನಿಲ್ಲತೊಡಗಿದರು. ಅವಳು ಕೂಸನ್ನು ಎತ್ತಿಕೊಳ್ಳಲು ಕೈ ಚಾಚಿದರೆ ತಾಯಂದಿರಿಗೆ ಏನಾದರೊಂದು ಕೆಲಸ ನೆನಪಾಗುತ್ತಿತ್ತು. ಐದು ಮಕ್ಕಳ ಆ ನಗೆಗಾರ್ತಿ ಮರಾಠಿ ಬಾಯಿಯೂ ಅವಳ ಕೈಯಿಂದ ಪ್ರಸಾದ ತೆಗೆದುಕೊಳ್ಳಲಿಲ್ಲ. ಮೊದಲ ಎರಡು ಮನೆ ಬಿಟ್ಟು ಉಳಿದ ಹದಿನೆಂಟರಲ್ಲಿ ಎಷ್ಟು ಮನೆಯಲ್ಲಿ ಕೂಸು ಹೋಗಿತ್ತೋ ದೇವರಿಗೇ ಗೊತ್ತು. ನಾನು ಕೇಳಿರಲೇ ಇಲ್ಲವಲ್ಲ. ಅವರ್ಯಾರೂ ಬಾಯಿ ಬಿಡಲಿಲ್ಲ, ನಾನೂ ಬಿಡಲಿಲ್ಲ. ನಿಜ ಹೇಳಿದವಳೊಬ್ಬಳು ನೀರು ಹಿಡಿಯಲು ಎಲ್ಲರದೂ ಮುಗಿಯುವ ತನಕ ಕಾಯುತ್ತಿದ್ದಳು.

ಅವ್ವ ಕೌದಿ ಸುಡಬೇಕೆಂದಳು. ವೈನಿ ಬಿಡಲಿಲ್ಲ. ಹದಿನೈದು ದಿನ ಕಳೆದ ಮೇಲೆ ಅದೇ ಹೊತ್ತಿಗೆ, ಅದೇ ಬಿಸಿಲಿನಲ್ಲಿ ಕೂತು ಬಿಚ್ಚತೊಡಗಿದಳು, ನಡುವಿನಿಂದ. ಸೂಜಿಯ ತುದಿಯಿಂದ ಒಂದೊಂದೇ ಹೊಲಿಗೆ ಎತ್ತುವುದು, ದಾರ ಎಳೆಯುವುದು. ದಿನಕ್ಕೆ ಒಂದು ಸಾಲು. ಹೊಲಿಯುವಾಗ ಇದ್ದ ನಿಧಾನವೇ ಬಿಚ್ಚುವಾಗಲೂ. ಒಂದು ದಿನ ತಲೆಯೆತ್ತದೆ ಕೇಳಿದಳು: "ಖರೇನs ಹೇಳಿಲ್ಲೇನು ಗಿರಿಜಕ್ಕ ನಿನಗ?"

"ಇಲ್ಲ ವೈನಿ."

ಸೂಜಿ ನಿಂತಿತು. ಆಮೇಲೆ ಮತ್ತೆ ನಡೆಯಿತು. ಮೂರನೆಯ ದಿನ ಕೆಂಪು ತುಂಡು ಬಿಡಿಸಿಕೊಂಡಿತು. ಅಡಿಯ ರೊಟ್ಟಿಯ ಚೂರು ಹಿಟ್ಟಾಗಿ ಉದುರಿತು. ಆ ಜಾಗಕ್ಕೆ ಅಣ್ಣನ ಧೋತರದ ಬಿಳಿ ತುಂಡು ಹಾಕಿದಳು. ಅಂಚಿನ ಅಲೆಯನ್ನೂ ಬಿಚ್ಚು ಎಂದು ಅವ್ವ ಅಂದಾಗ, "ಅದು ನನ್ನ ಕೈಯ ಹೊಲಿಗಿ, ಇರಲಿ" ಅಂದಳು. ಆ ಕೌದಿ ಮುಂದೆ ಬಹಳ ವರ್ಷ ನಮ್ಮಲ್ಲಿ ಇಸ್ತ್ರಿ ಮಾಡಲು ಹಾಸುವ ಬಟ್ಟೆಯಾಗಿತ್ತು. ವೈನಿಗೆ ಆಮೇಲೆ ಒಬ್ಬ ಮಗ ಹುಟ್ಟಿ ಉಳಿದ. ಅವನು ಗಿರಣಿಯ ಕಂಬಳಿಯ ಮೇಲೆ ಬೆಳೆದ. ವೈನಿ ಮತ್ತೆ ಕೌದಿ ಹೊಲಿಯಲಿಲ್ಲ.

ಕೆಂಪು ತುಂಡನ್ನು ಮರಳಿಸಲು ಕಳಿಸಿದ್ದು ನನ್ನನ್ನೇ. ಗಿರಿಜಕ್ಕ ಅದನ್ನು ಬೆಳಕಿಗೆ ಹಿಡಿದು ನೋಡಿದಳು. ಸುತ್ತ ಸೂಜಿಯ ಸಣ್ಣ ತೂತುಗಳು. ನಾನು ಬಾಗಿಲಲ್ಲೇ ನಿಂತಿದ್ದೆ. ಅವಳೇ ಅಂದಳು: "ಒಗೆದ್ರೆ ತೂತು ಮುಚ್ತದೆ ಮಗಾ. ನೀನು ಹೋಗು, ಸ್ಕೂಲಿಗೆ ಹೊತ್ತಾಗ್ತದೆ." ನಾನು ಹೋದೆ. ಆ ವರ್ಷ ದೀಪಾವಳಿಗೆ ಮುಂಚೆ ಅವರು ಬಾಂದ್ರಾ ಕಡೆ ಎಲ್ಲೋ ಖೋಲಿ ಹಿಡಿದು ಹೊರಟುಹೋದರು.

ಎಂಟು ವರ್ಷದ ಮೇಲೆ ಒಮ್ಮೆ ದಾದರ್ ಸ್ಟೇಶನ್ನಿನಲ್ಲಿ ಅವಳನ್ನು ಕಂಡೆ. ತಲೆ ನರೆತಿತ್ತು, ಕೈಯಲ್ಲಿ ತರಕಾರಿ ಚೀಲ. ಕಾಲೇಜಿಗೆ ಹೋಗುವ, ಚರ್ಚಾಸ್ಪರ್ಧೆಯಲ್ಲಿ ಬಹುಮಾನ ತೆಗೆದುಕೊಳ್ಳುವ ನಾನು ಕಂಬದ ಹಿಂದೆ ನಿಂತೆ, ಅವಳ ಗಾಡಿ ಹೋಗುವ ತನಕ. ಲೋಕಲ್ ಹೋಗುವ ತನಕ ಅಡಗಿ ನಿಲ್ಲುವುದು ನನಗೆ ಹಳೆಯ ಅಭ್ಯಾಸ.

ಈಗ ನಿಮಗೆ ಇನ್ನೊಂದು ಮಾತು ಹೇಳಬೇಕು. ನನಗೆ ಮಗ, ಸೊಸೆ, ಇಬ್ಬರು ಮೊಮ್ಮಕ್ಕಳು. ಸ್ನೇಹಾ ಕಂಡ ತುಂಬಿದ ಮನೆ ಇದು. ಮಗನಿಗಿಂತ ಮುಂಚೆ ಒಬ್ಬ ಮಗಳಿದ್ದಳು. ನಾಲ್ಕನೆಯ ವರ್ಷ ಜ್ವರದಲ್ಲಿ ಹೋದಳು. ಈ ಬಿಲ್ಡಿಂಗಿನಲ್ಲಿ ಯಾರಿಗೂ ಗೊತ್ತಿಲ್ಲ, ನಾನು ಯಾರಿಗೂ ಹೇಳಿಲ್ಲ. ಹೇಳಿದರೆ ಏನಾಗುತ್ತದೆಂದು ನಾನು ನಲ್ಲಿಯ ಹತ್ತಿರ ನೋಡಿದ್ದೆನಲ್ಲ.

ಗುರುವಾರ ಸ್ನೇಹಾ ಬಂದಳು. ನನ್ನ ನೀಲಿ ಇಳಕಲ್ಲಿನ ತುಂಡು ಮೇಜಿನ ಮೇಲಿತ್ತು. "ವಾವ್ ಆಂಟಿ, ಇದು ಸೆಂಟರಿಗೇ ಹಾಕ್ತೀನಿ" ಎಂದು ಕೈ ಚಾಚಿದಳು.

"ತಡಿ. ನನ್ನದೊಂದು ಹೋಗಿದೆ. ಹೆಣ್ಣು. ನಿಮ್ಮ ಅತ್ತೆಗೆ ಹೇಳಿ ಬಾ. ಅವರು ಅಡ್ಡಿ ಇಲ್ಲ ಅಂದರೆ ಒಯ್ಯಿ."

ಅವಳ ಕೈ ಬಟ್ಟೆಯ ಮೇಲೇ ಉಳಿಯಿತು. ಸಾರಿ ಆಂಟಿ ಅಂದಳು, ಕಣ್ಣು ತುಂಬಿಕೊಂಡಳು, ಹೋದಳು. ಐದು ನಿಮಿಷಕ್ಕೇ ಮತ್ತೆ ಗಂಟೆ. "ಹೇಳಿದೆ ಆಂಟಿ. ಅತ್ತೆ ಓಕೆ ಅಂದ್ರು."

ಅವಳ ಮುಖ ನೋಡಿದೆ. ಆ ಮುಖ ನನಗೆ ಒಳಗಿನಿಂದ ಗೊತ್ತು. ನನ್ನ ಮನಸ್ಸು ನೋಯಬಾರದೆಂದು ಸುಳ್ಳು ಹೇಳಿದ್ದಳು ಪಾಪ, ನನ್ನ ಹಾಗೆ ಬಣ್ಣದ ಆಸೆಗಲ್ಲ. ಆದರೂ ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ ಆ ಮಾತು ಅವಳ ಕೊರಳಿಗೆ ಬೀಳುತ್ತದೆ.

"ಫೋನ್ ಹಚ್ಚು. ನಾನೇ ಒಂದು ಮಾತು ಹೇಳ್ತೀನಿ."

"ಬೇಡ ಆಂಟಿ, ಪ್ಲೀಸ್..."

"ಹಚ್ಚು."

ಹುಬ್ಬಳ್ಳಿಯಲ್ಲಿ ಫೋನ್ ಎತ್ತಿದ ಹೆಂಗಸಿನ ದನಿ ಥೇಟ್ ನಮ್ಮ ಅವ್ವನ ದನಿ. ಹೇಳಿದೆ. ಆಕೆ ಅಂದರು: "ಬ್ಯಾಡ್ರೀ ಬಾಯಾರ. ತಪ್ಪು ತಿಳ್ಕೋಬ್ಯಾಡ್ರಿ. ಮನಸ್ಸು ಒಪ್ಪವಲ್ದು."

"ಇಲ್ರಿ. ಹೇಳಿದ್ದು ಛಲೋ ಆತು" ಅಂದೆ.

ಸ್ನೇಹಾ ಬರಿಗೈಯಲ್ಲಿ ಬಾಗಿಲು ದಾಟಿದಳು. ಹೊರಗೆ ಹೋದವಳು ತಿರುಗಿ ನಿಂತು, "ಅವಳ ಹೆಸರೇನಿತ್ತು ಆಂಟಿ?" ಎಂದು ಕೇಳಿದಳು.

"ಗಿರಿಜಾ" ಅಂದೆ. ಹೆಸರಿಟ್ಟ ದಿನ ಯಾಕೆ ಆ ಹೆಸರು ಎಂದು ವೈನಿ ಕೇಳಿರಲಿಲ್ಲ. ತೊಟ್ಟಿಲ ಹಗ್ಗ ಹಿಡಿದುಕೊಂಡು ನನ್ನನ್ನೇ ನೋಡಿದ್ದಳು. ಅವಳೊಮ್ಮೆ ಕೇಳಲಿ, ಹೇಳಿಬಿಡೋಣ ಎಂದು ನಾನು ಕಾಯುತ್ತಲೇ ಇದ್ದೆ.